ಬಿಸಿ ನೆಲದ ಮೇಲೆ ಮೆಟ್ಟಿಲು

ಜರ್ಮನಿಯ ಹೊಸ ಮನೆಗಳಲ್ಲಿ ಚಳಿಗೆ ಹೀಟರ್ ಎದುರಿಗೆ ಕಾಣೋದೇ ಇಲ್ಲ, ಬಿಸಿನೀರಿನ ಪೈಪ್ ನೆಲದೊಳಗೇ ಹರಿದಿರುತ್ತೆ. ಇಂಥ ಮನೆಯಲ್ಲಿ ಮೇಲಿನ ಅಟ್ಟಕ್ಕೆ ಹೊಸದಾಗಿ ಮೆಟ್ಟಿಲು ಹಾಕ್ಬೇಕು ಅಂದ್ಕೊಳ್ಳಿ. ಎಲ್ಲರಿಗೂ ಮೊದಲು ಬರೋ ಭಯ, ಡ್ರಿಲ್ ಪೈಪಿಗೆ ತಾಗಿದ್ರೆ? ನನ್ನ ಪ್ರಕಾರ ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ: ಮೆಟ್ಟಿಲಿನ ಭಾರ ಹೋಗೋದು ಎಲ್ಲಿಗೆ?

ನೆಲವನ್ನು ಅಡ್ಡ ಕೊಯ್ದು ನೋಡೋಣ. ಕೆಳಗೆ ಕಾಂಕ್ರೀಟ್ ಸ್ಲ್ಯಾಬ್. ಅದರ ಮೇಲೆ ಥರ್ಮೋಕೋಲ್ ಜಾತಿಯ ಇನ್ಸುಲೇಷನ್. ಅದರ ಮೇಲೆ ಪ್ಲಾಸ್ಟಿಕ್ ಪೈಪ್, ಸಾಮಾನ್ಯವಾಗಿ 10ರಿಂದ 20 ಸೆಂ.ಮೀ. ಅಂತರದಲ್ಲಿ. ಪೈಪನ್ನು ಮುಚ್ಚುವ ಸಿಮೆಂಟ್ ಪದರವೇ ಸ್ಕ್ರೀಡ್. ಇದು ಸ್ಲ್ಯಾಬಿಗೂ ಅಂಟಿಲ್ಲ, ಗೋಡೆಗೂ ಅಂಟಿಲ್ಲ. 5 ಮೀಟರ್ ಸ್ಕ್ರೀಡ್ 20 ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿ.ಮೀ. ಹಿಗ್ಗುತ್ತೆ, ಅದಕ್ಕೇ ಗೋಡೆಯ ಸುತ್ತ ಫೋಮ್ ಪಟ್ಟಿ ಇಟ್ಟಿರ್ತಾರೆ.

ಈಗ ಲೆಕ್ಕ. ಮೆಟ್ಟಿಲು 1 ಮೀಟರ್ ಅಗಲ, ನೆಲದಳತೆ 3 ಮೀಟರ್, ಜನರ ಭಾರ ಚದರ ಮೀಟರಿಗೆ 3 ಕಿಲೋನ್ಯೂಟನ್ ಅಂತಿಟ್ಟರೆ ಒಟ್ಟು 9. ಅರ್ಧ ಕೆಳಗೆ ಬರುತ್ತೆ: 4.5 ಕಿಲೋನ್ಯೂಟನ್, ಅಂದ್ರೆ ಹೆಚ್ಚುಕಮ್ಮಿ 460 ಕೆ.ಜಿ. ಅದೂ ಎರಡು ಚಿಕ್ಕ ಪ್ಲೇಟುಗಳ ಮೇಲೆ. ಮೆತ್ತನೆ ಇನ್ಸುಲೇಷನ್ ಮೇಲೆ ಕೂತ ಸ್ಕ್ರೀಡ್ ಅಲ್ಲಿ ಬಾಗಿ ಬಿರುಕು ಬಿಡಬಹುದು. ಬೋಲ್ಟ್ ಹಾಕಿ ಸ್ಲ್ಯಾಬಿಗೆ ಬಿಗಿದರಂತೂ ಸ್ಕ್ರೀಡ್ ಹಿಗ್ಗೋಕೇ ಜಾಗ ಇರಲ್ಲ.

ಹಾಗಾಗಿ ಮೆಟ್ಟಿಲಿನ ಬುಡದಷ್ಟು ಜಾಗದಲ್ಲಿ ಸ್ಕ್ರೀಡ್, ಇನ್ಸುಲೇಷನ್ ಎರಡನ್ನೂ ಕತ್ತರಿಸಿ ತೆಗೆದು ಕಾಲನ್ನು ನೇರ ಸ್ಲ್ಯಾಬ್ ಮೇಲೆ ನಿಲ್ಲಿಸಬೇಕು. ಸುತ್ತ ಮತ್ತೆ ಫೋಮ್ ಪಟ್ಟಿ.

ಪೈಪ್ ಹುಡುಕೋ ರೀತಿ ನನಗೆ ತುಂಬಾ ಇಷ್ಟವಾಯ್ತು. ಹೀಟಿಂಗ್ ಆಫ್ ಮಾಡಿ ನೆಲ ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ ಆನ್ ಮಾಡಿ ಥರ್ಮಲ್ ಕ್ಯಾಮೆರಾ ಹಿಡಿದು ಕಾಯ್ತಾರೆ. ಬಿಸಿ ಮೇಲೆ ಬರ್ತಿದ್ದ ಹಾಗೆ ಪೈಪಿನ ಗೆರೆ ಮೂಡುತ್ತೆ. ತಡ ಮಾಡಿದ್ರೆ ಬಿಸಿ ಹರಡಿ ಇಡೀ ನೆಲ ಒಂದೇ ಬಣ್ಣ! ಆಳ ಮಾತ್ರ ಕ್ಯಾಮೆರಾ ಹೇಳಲ್ಲ, ಆದ್ದರಿಂದ ಗೆರೆಯಿಂದ ದೂರವೇ ಇರಬೇಕು. ಪೈಪ್ ಸರಿಸಲೇಬೇಕಾಗಿ ಬಂದರೆ ನೆಲ ಮುಚ್ಚುವ ಮೊದಲು ಪ್ರೆಷರ್ ಟೆಸ್ಟ್ ಆಗಬೇಕು.

ಮೇಲಿನ ಮಹಡಿಗೂ ಬಿಸಿ ನೆಲ ಇದ್ದರೆ ಕೆಲಸ ಇನ್ನೂ ಕಷ್ಟ. ಒಂದು ಲೂಪ್ ಅಂದ್ರೆ ಉದ್ದಕ್ಕೂ ಒಂದೇ ಪೈಪ್. ಮೆಟ್ಟಿಲಿಗೆ ಕಿಂಡಿ ಕೊರೆಯುವಾಗ ಅದು ತುಂಡಾದರೆ ಆ ಲೂಪ್ ಹರಡಿರುವ ಜಾಗವೆಲ್ಲ ತಣ್ಣಗೆ. ಅಲ್ಲಿ ಲೂಪಿನ ದಾರಿಯನ್ನೇ ಹೊಸದಾಗಿ ಎಳೆದು, ಆಮೇಲೆ ಸ್ಲ್ಯಾಬ್ ಕೊರೀಬೇಕು.