ಫೋನ್ ಸರಿಯಾಗಿದೆ, ಆ್ಯಪ್ ಯಾಕೆ ಕೈಕೊಟ್ಟಿತು?

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ಗೆಳೆಯನ ಊರು ಬಿಳಗಿಗೆ ಹೋಗಿದ್ದೆವು. ಬಾಗಲಕೋಟೆಯ ಬೀಳಗಿ ಅಲ್ಲ ಮಾರಾಯ್ರೆ, ಸಿದ್ದಾಪುರ ತಾಲೂಕಿನ ಬಿಳಗಿ. ರತ್ನತ್ರಯ ಬಸದಿ ನೋಡಿಕೊಂಡು, ಅಡಿಕೆ ತೋಟ ಸುತ್ತಿ ಮನೆಗೆ ಬಂದರೆ, ಜಗಲಿಯಲ್ಲಿ ಅಜ್ಜ ಹಳೆಯ ಫೋನ್ ಹಿಡಿದುಕೊಂಡು ಕಾಯುತ್ತಿದ್ದರು.

"ತಮಾ, ನೀವು ಇಂಜಿನಿಯರಿಂಗ್ ಓದವು. ಇದ್ಕೆ ಎಂತಾ ಆತು ನೋಡಿ. ತಾಳಮದ್ದಲೆ ತೋರಿಸ್ತೇ ಇಲ್ಲೆ."

ಅದು ಅಜ್ಜನ ತೀರಿಹೋದ ತಮ್ಮ ಅರ್ಥ ಹೇಳಿದ್ದ ತಾಳಮದ್ದಲೆ. ಬೆಂಗಳೂರಿನಲ್ಲಿರುವ ಅವರ ಮಗ ಅದನ್ನು ಇಂಟರ್ನೆಟ್ಟಿಗೆ ಏರಿಸಿದ್ದರು. ತಮ್ಮನ ದನಿ ಕೇಳಬೇಕಾದರೆ ಅಜ್ಜನಿಗೆ ಇದ್ದದ್ದು ಆ ಒಂದು ಆ್ಯಪ್. ಹೊಸ ಫೋನ್ ಕೊಡಿಸುತ್ತೇವೆ ಅಂದರೆ, "ಇದು ಹಾಳಾಯ್ದಿಲ್ಲೆ, ಎಂತಕ್ಕೆ ಬಿಸಾಡವು?" ಎಂಬ ಪ್ರಶ್ನೆ. ನಮ್ಮಲ್ಲಿ ಉತ್ತರ ಇರಲಿಲ್ಲ. ಹಾಗಾಗಿ ಹುಡುಕಲು ಕೂತೆವು.

ವಿಡಿಯೊ ಬರೋ ದಾರಿ

ಪ್ಲೇ ಬಟನ್ ಒತ್ತಿದಾಗ ನಡೆಯೋದು ಒಂದೇ ಕೆಲಸ ಅಲ್ಲ. ಮೊದಲು ಫೋನ್ ಸರ್ವರ್‌ನ ಪ್ರಮಾಣಪತ್ರ ಪರೀಕ್ಷಿಸಿ ಸುರಕ್ಷಿತ ಸಂಪರ್ಕ ಮಾಡಿಕೊಳ್ಳಬೇಕು. ಆಮೇಲೆ ಆ್ಯಪ್ ತನ್ನ ಎಪಿಐ ಮೂಲಕ "ಈ ವಿಡಿಯೊ ಎಲ್ಲಿದೆ?" ಎಂದು ಕೇಳಬೇಕು. ಹಣ ಕೊಟ್ಟು ನೋಡುವ ಸಿನಿಮಾ ಆದರೆ ಡಿಆರ್‌ಎಂ ಬೀಗ ತೆಗೆಯಬೇಕು. ಕೊನೆಗೆ ಬಂದ ದತ್ತಾಂಶವನ್ನು ಕೋಡೆಕ್ ಬಿಡಿಸಿ ಚಿತ್ರ ಮಾಡಬೇಕು. ಈ ನಾಲ್ಕರಲ್ಲಿ ಯಾವುದೊಂದು ಕಡಿದರೂ ನಮಗೆ ಕಾಣೋದು ತಿರುಗುವ ಚಕ್ರ ಮಾತ್ರ.

ಮೊದಲ ಮೆಟ್ಟಿಲು ಕುಸಿದದ್ದಕ್ಕೆ ಒಳ್ಳೆಯ ಉದಾಹರಣೆ 2021ರ ಸೆಪ್ಟೆಂಬರ್ 30. ಆ ದಿನ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಅಪ್‌ಡೇಟ್ ಬಾರದ ಅನೇಕ ಸಾಧನಗಳಲ್ಲಿ ಹೊಸ ಮೂಲ ಪ್ರಮಾಣಪತ್ರ ಇರಲೇ ಇಲ್ಲ. ಸೈಟ್ ಇತ್ತು, ನೆಟ್ ಇತ್ತು, ನಂಬಿಕೆ ಮಾತ್ರ ಇರಲಿಲ್ಲ.

ಎರಡು ಪ್ಲಾಟ್‌ಫಾರ್ಮ್‌ಗಳ ಕಥೆ

ವಿಂಡೋಸ್ ಫೋನ್ ಕಥೆ ನೋಡಿ. ಅದಕ್ಕೆ ಒಳ್ಳೆಯ ಯೂಟ್ಯೂಬ್ ಆ್ಯಪ್ ಇಲ್ಲವೆಂದು 2013ರ ಮೇನಲ್ಲಿ ಮೈಕ್ರೋಸಾಫ್ಟ್ ತಾನೇ ಒಂದು ಬರೆಯಿತು. ಜಾಹೀರಾತು ತೋರಿಸುವುದಿಲ್ಲ, ಡೌನ್‌ಲೋಡ್ ಮಾಡಲು ಬಿಡುತ್ತದೆ ಎಂದು ಗೂಗಲ್ ಅದನ್ನು ತೆಗೆಯಲು ಹೇಳಿತು. ಆಗಸ್ಟ್‌ನಲ್ಲಿ ಬದಲಾದ ಆವೃತ್ತಿ ಬಂತು. ಎರಡೇ ದಿನದಲ್ಲಿ ಅದೂ ಬಂದ್. ಕೋಡ್ ಸರಿಯಿದ್ದರೆ ಸಾಲದು, ಎದುರಿನ ಸರ್ವರ್‌ನವರು ಒಪ್ಪಬೇಕು. ಬಳಕೆದಾರರು ಕಡಿಮೆ ಅಂತ ಡೆವಲಪರ್‌ಗಳು ಬರಲಿಲ್ಲ, ಆ್ಯಪ್ ಇಲ್ಲ ಅಂತ ಬಳಕೆದಾರರು ಹೋದರು. 2019ರ ಡಿಸೆಂಬರ್‌ನಲ್ಲಿ 8.1 ಆವೃತ್ತಿಯ ಸ್ಟೋರ್ ಮುಚ್ಚಿತು. ಅದೇ ತಿಂಗಳ ಕೊನೆಗೆ ವಾಟ್ಸ್‌ಆ್ಯಪ್ ಕೂಡ ವಿಂಡೋಸ್ ಫೋನ್ ಬಿಟ್ಟಿತು.

ಇನ್ನೊಂದು ನಮ್ಮ ಹಳ್ಳಿಗಳಲ್ಲೇ ಓಡಾಡಿದ ಕಥೆ. 2017ರಲ್ಲಿ 1500 ರೂಪಾಯಿ ಠೇವಣಿಗೆ ಸಿಗುತ್ತಿದ್ದ ಜಿಯೋಫೋನ್ ನೆನಪಿದೆ ಅಲ್ವಾ? ಅದರೊಳಗಿನ ಕೈಓಎಸ್ ಹುಟ್ಟಿದ್ದು ಮೊಜಿಲ್ಲಾ ಕೈಬಿಟ್ಟ ಫೈರ್‌ಫಾಕ್ಸ್ ಓಎಸ್‌ನಿಂದ. 2018ರಲ್ಲಿ ಅದಕ್ಕೆ ಯೂಟ್ಯೂಬ್, ವಾಟ್ಸ್‌ಆ್ಯಪ್ ಎರಡೂ ಬಂದವು. ಆದರೆ ಕೈಓಎಸ್ 2.5ರ ಬ್ರೌಸರ್ ಎಂಜಿನ್ ಗೆಕೊ 48, ಅಂದರೆ 2016ರದ್ದು. ಅಲ್ಲಿನ ಆ್ಯಪ್‌ಗಳೆಲ್ಲ ಮೂಲತಃ ವೆಬ್ ಪುಟಗಳು. ನಾವು ಇಂದು ಸಲೀಸಾಗಿ ಬರೆಯುವ ಅಸಿಂಕ್-ಅವೇಟ್ ಆ ಎಂಜಿನ್‌ಗೆ ಗೊತ್ತೇ ಇಲ್ಲ. ಗೊತ್ತಿಲ್ಲದ ಒಂದು ಸಾಲು ಸಿಕ್ಕರೆ ಆ ಸಾಲು ಮಾತ್ರ ಅಲ್ಲ, ಇಡೀ ಸ್ಕ್ರಿಪ್ಟ್ ಫೈಲೇ ಓಡುವುದಿಲ್ಲ. 2024ರ ಜೂನ್‌ನಿಂದ ಕೈಓಎಸ್ ಸ್ಟೋರ್‌ನಲ್ಲಿ ವಾಟ್ಸ್‌ಆ್ಯಪ್ ಹೊಸದಾಗಿ ಸಿಗುವುದೂ ನಿಂತಿತು.

ಜಗಲಿಯ ಲ್ಯಾಬ್

ಅಜ್ಜನ ಫೋನ್ ಯಾವ ಕಂಪನಿಯದು ಅನ್ನೋದು ಇಲ್ಲಿ ಮುಖ್ಯವಲ್ಲ, ಪರೀಕ್ಷೆ ಮಾಡಿದ ಕ್ರಮ ಮುಖ್ಯ.

ಮೊದಲು ದಿನಾಂಕ ನೋಡಿದೆವು. ಅದು ತಪ್ಪಿದ್ದರೆ ಒಳ್ಳೆಯ ಪ್ರಮಾಣಪತ್ರವೂ ಸುಳ್ಳಾಗಿ ಕಾಣುತ್ತದೆ. ಸರಿ ಇತ್ತು. ಎರಡನೆಯದು, ಅದೇ ವೈಫೈನಲ್ಲಿ ಬ್ರೌಸರ್ ತೆರೆದೆವು. ವಿಡಿಯೊ ಸೇವೆಯ ಪುಟ ಬಂತು, ಅಂದರೆ ಸಂಪರ್ಕ ಸರಿ. ಪ್ಲೇಯರ್ ಮಾತ್ರ ಕಪ್ಪಾಗಿಯೇ ಉಳಿಯಿತು. ಮೂರನೆಯದು, ಆ್ಯಪ್ ತೆರೆದೆವು. "ಅಪ್‌ಡೇಟ್ ಮಾಡಿ" ಅಂತು. ಮಾಡೋಣ ಅಂದರೆ ಅಪ್‌ಡೇಟ್ ಕೊಡುವ ಸ್ಟೋರಿಗೇ ಬೀಗ! ನಾಲ್ಕನೆಯದು, ನಮ್ಮ ಫೋನಿನಿಂದ ಒಂದು ಎಂಪಿ4 ಫೈಲನ್ನು ಮೆಮೊರಿ ಕಾರ್ಡಿಗೆ ಹಾಕಿ ಕೊಟ್ಟೆವು. ಎಚ್.264ರದ್ದು ಚೆನ್ನಾಗಿ ಓಡಿತು, ಎವಿ1ರದ್ದು ಓಡಲಿಲ್ಲ. ಎಚ್.264 ಬಂದದ್ದು 2003ರಲ್ಲಿ, ಎವಿ1 ಬಂದದ್ದು 2018ರಲ್ಲಿ.

ಅಲ್ಲಿಗೆ ರೋಗ ಸಿಕ್ಕಿತು. ಪರದೆ, ಸ್ಪೀಕರ್, ಬ್ಯಾಟರಿ, ಡಿಕೋಡರ್ ಎಲ್ಲ ಸರಿ. ಹಳೆಯ ಆ್ಯಪ್ ಆಡುವ ಭಾಷೆಯನ್ನು ಸರ್ವರ್ ಮರೆತಿದೆ. ಅದನ್ನು ನಾವು ಸರಿಮಾಡಲಾರೆವು. ಆದರೆ ಅಜ್ಜನಿಗೆ ಬೇಕಾದದ್ದು ಆ್ಯಪ್ ಅಲ್ಲ, ತಾಳಮದ್ದಲೆ.

ಬೆಂಗಳೂರಿಗೆ ಫೋನ್ ಮಾಡಿದೆವು. ವಿಡಿಯೊ ಅವರದೇ, ಆದ್ದರಿಂದ ತಮ್ಮ ಖಾತೆಯಿಂದ ಇಳಿಸಿ ಕಳಿಸಿದರು. ಲ್ಯಾಪ್‌ಟಾಪ್‌ನಲ್ಲಿ ಎಫ್‌ಎಫ್‌ಎಂಪೆಗ್ ಬಳಸಿ 640×360 ಅಳತೆಗೆ, ಎಚ್.264 ಬೇಸ್‌ಲೈನ್ ಪ್ರೊಫೈಲ್, ಎಎಸಿ ಧ್ವನಿಗೆ ಬದಲಿಸಿದೆವು. ಲೆಕ್ಕ ಹೀಗೆ: ಚಿತ್ರಕ್ಕೆ ಸೆಕೆಂಡಿಗೆ 500 ಕಿಲೋಬಿಟ್, ಧ್ವನಿಗೆ 100, ಒಟ್ಟು 600. ಗಂಟೆಗೆ 600×3600÷8, ಅಂದರೆ ಸುಮಾರು 270 ಎಂಬಿ. 8 ಜಿಬಿ ಕಾರ್ಡಿನಲ್ಲಿ 29 ಗಂಟೆ ಹಿಡಿಸುತ್ತದೆ. ಕಾರ್ಡ್ ಫ್ಯಾಟ್32 ಆಗಿದ್ದರೆ ಒಂದೇ ಫೈಲ್ 4 ಜಿಬಿ ದಾಟಬಾರದು, ನೆನಪಿರಲಿ. ಇನ್ನೊಂದು ಎಚ್ಚರಿಕೆ: ಸುರಕ್ಷಾ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮಾತ್ರ ಬೇಡ.

ನಮಗೆ ಏನು ಪಾಠ?

ನಾಳೆ ಆ್ಯಪ್ ಬರೆಯುವವರು ನಾವೇ. ಎಪಿಐಗೆ ಆವೃತ್ತಿ ಸಂಖ್ಯೆ ಇಡೋಣ. ಹಳೆಯದನ್ನು ನಿಲ್ಲಿಸುವ ಮೊದಲು ದಿನಾಂಕ ತಿಳಿಸೋಣ. ಅಪ್‌ಡೇಟ್ ಸಿಗದ ಫೋನಿಗೆ "ಅಪ್‌ಡೇಟ್ ಮಾಡಿ" ಅನ್ನದೆ "ಈ ಫೋನಿನಲ್ಲಿ ಇನ್ನು ಓಡುವುದಿಲ್ಲ" ಅಂತ ನೇರವಾಗಿ ಹೇಳೋಣ. ಮುಖ್ಯವಾಗಿ, ಬಳಕೆದಾರರು ತಮ್ಮ ದತ್ತಾಂಶವನ್ನು ಹೊರಗೆ ಒಯ್ಯಲು ಒಂದು ಬಾಗಿಲು ಇಡೋಣ.

ಸಂಜೆ ಕರೆಂಟ್ ಹೋದಾಗ ಜಗಲಿಯಲ್ಲಿ ಮೃದಂಗದ ಪೆಟ್ಟು ಕೇಳಿತು. ನೆಟ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸ್ವಲ್ಪ ಹೊತ್ತು ಕೇಳಿದ ಅಜ್ಜ, "ಇಂವ ಇಲ್ಲಿ ಯಾವಾಗ್ಲೂ ಒಂದು ಮಾತು ಜಾಸ್ತಿ ಹೇಳ್ತಿದ್ದ" ಅಂದು ನಕ್ಕರು.

ಈ ಸಲ ಊರಿಗೆ ಹೋದಾಗ ನೀವೂ ಒಮ್ಮೆ ನೋಡಿ. ಮನೆಯವರ ಯಾವ ದನಿ, ಯಾವ ಚಿತ್ರ ಒಂದೇ ಒಂದು ಆ್ಯಪ್‌ನೊಳಗೆ ಕೂತಿದೆ? ಆ ಆ್ಯಪ್ ಓಡುತ್ತಿರುವಾಗಲೇ ಒಂದು ಪ್ರತಿ ಹೊರಗೆ ತೆಗೆದಿಡಿ.