ಮೊದಲು ‘ಎಸ್’ ನೋಡಿ

ನನಗೆ ನಾಣ್ಯದ ಹುಚ್ಚಿದೆ ಎಂಬ ಸುದ್ದಿ ಅಮೆರಿಕದ ಕನ್ನಡ ಕೂಟದಲ್ಲಿ ಹಬ್ಬಿದ ಮೇಲೆ ವಾಟ್ಸಾಪಿಗೆ ಪೆನ್ನಿಗಳ ಫೋಟೊ ಬರುವುದು ನಿಂತಿಲ್ಲ. ‘ಸಾರ್, ಇಸವಿ ಎರಡೆರಡಾಗಿ ಕಾಣ್ತಿದೆ, ಎಷ್ಟು ಸಿಗಬಹುದು?’ ಸಾಮಾನ್ಯವಾಗಿ ನನ್ನ ಉತ್ತರ: ಒಂದು ಸೆಂಟ್.

ಈ ಆಸೆ ಹುಟ್ಟಿಸಿದ್ದು 1955ರ ಲಿಂಕನ್ ಸೆಂಟ್. ಆ ಕಾಲದಲ್ಲಿ ಅಚ್ಚು ತಯಾರಿಸಲು ಮೂಲ ಅಚ್ಚನ್ನು ಉಕ್ಕಿನ ಮೇಲೆ ಒಂದಕ್ಕಿಂತ ಹೆಚ್ಚು ಸಲ ಒತ್ತಬೇಕಿತ್ತು. ನಡುವೆ ಉಕ್ಕನ್ನು ಕಾಯಿಸಿ ಮೆದು ಮಾಡುತ್ತಿದ್ದರು. ಫಿಲಡೆಲ್ಫಿಯಾ ಟಂಕಸಾಲೆಯ ಒಂದು ಅಚ್ಚಿನಲ್ಲಿ ಮುಂದಿನ ಒತ್ತು ತುಸು ತಿರುಗಿ, ಇಸವಿ, ಅಕ್ಷರಗಳು ಎರಡೆರಡಾದವು. ತಪ್ಪು ಕಣ್ಣಿಗೆ ಬೀಳುವಷ್ಟರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ನಾಣ್ಯ ರಾಶಿಯಲ್ಲಿ ಬೆರೆತಿದ್ದವು, ಹೆಕ್ಕುವವರಾರು? ಹಾಗೇ ಹೊರಗೆ ಹೋದವು. ಕೆಲವು ಸಿಗರೇಟು ಪ್ಯಾಕಿನೊಳಗಿನ ಚಿಲ್ಲರೆಯಾಗಿ ಜನರ ಕೈ ಸೇರಿದವು. ಇಂದು ಸವೆದ ನಾಣ್ಯಕ್ಕೂ ಸಾವಿರ ಡಾಲರಿಗಿಂತ ಮೇಲೆ.

ಹೀಗೆ ಅಚ್ಚಿನಲ್ಲೇ ಎರಡಾಗಿದ್ದರೆ (‘ಡಬಲ್ಡ್ ಡೈ’) ಬೆಲೆ. ಅಚ್ಚು ಸರಿಯಿದ್ದು, ಯಂತ್ರದಲ್ಲಿ ಸಡಿಲವಾಗಿ, ನಾಣ್ಯ ಹೊಡೆಯುವಾಗ ಜರುಗಿದ್ದರೆ ಕಿಮ್ಮತ್ತಿಲ್ಲ. ಅದರಲ್ಲಿ ಆಗಷ್ಟೇ ಮೂಡಿದ ಅಕ್ಷರದ ಅಂಚು ಜಜ್ಜಿ, ತಗ್ಗಾಗಿ, ಚಪ್ಪಟೆಯಾಗಿ ಹೊಳೆಯುತ್ತದೆ; ಅಕ್ಷರ ಸಣ್ಣದಾಗುತ್ತದೆ. ಅಸಲಿಯಲ್ಲಿ ಎರಡು ಅಕ್ಷರವೂ ದುಂಡಗೆ ಎದ್ದಿರುತ್ತವೆ, ತುದಿಗಳು ಕವಲೊಡೆದಿರುತ್ತವೆ, ಅಕ್ಷರ ದಪ್ಪವಾಗಿರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. 1955ರದ್ದೇ ಇನ್ನೊಂದಿದೆ: ಅಚ್ಚು ಸವೆದು ಕೊನೆಯ 5 ಮಾತ್ರ ಎರಡಾದದ್ದು. ‘ಬಡವರ ಡಬಲ್ಡ್ ಡೈ’ ಎಂದು ಮಾರುತ್ತಾರೆ. ಹೆಸರಿನ ಚೆಂದಕ್ಕೆ ದುಡ್ಡು ಕೊಡಬೇಡಿ.

ನನಗೆ ಬಹಳ ಇಷ್ಟದ ಪರೀಕ್ಷೆ 1969ರ ಸ್ಯಾನ್ ಫ್ರಾನ್ಸಿಸ್ಕೊ ಸೆಂಟಿನದು. ಅಚ್ಚಿನಲ್ಲೇ ಎರಡಾದ ಅಸಲಿ ಸಿಕ್ಕಿ, ಹೊಸತರಂತೆ ಉಳಿದಿದ್ದರೆ ಹತ್ತಾರು ಸಾವಿರ ಡಾಲರ್. ಗೆಳೆಯರೊಬ್ಬರು ಅಂಥದ್ದೊಂದನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದರು. ಇಸವಿ ಎರಡು, ಅದರ ಕೆಳಗಿನ ಸಣ್ಣ ‘ಎಸ್’ ಕೂಡ ಎರಡು. ಅಲ್ಲಿಗೆ ಮುಗಿಯಿತು. ಆಗೆಲ್ಲ ಟಂಕಸಾಲೆಯ ಆ ಗುರುತನ್ನು ಅಚ್ಚು ಸಿದ್ಧವಾದ ಮೇಲೆ ಪ್ರತ್ಯೇಕವಾಗಿ ಕೈಯಿಂದ ಹೊಡೆಯುತ್ತಿದ್ದರು. ಮೂಲ ಅಚ್ಚು ತಿರುಗಿದ ತಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಇಸವಿಯ ಜೊತೆ ‘ಎಸ್’ ಕೂಡ ಅದೇ ದಿಕ್ಕಿಗೆ ಜರುಗಿದೆಯೆಂದರೆ ಅದು ಯಂತ್ರದ ಕುಲುಕಾಟ. ‘ಎರಡೂ ಎರಡಾದರೆ ಇನ್ನೂ ಅಪರೂಪ ಅಲ್ವಾ?’ ಅಂದರು ಪಾಪ.

ಕೊಳ್ಳುವವರಿಗೆ ಬೇರೆಯದೇ ಭಯ: ಈ ಎರಡು ನಾಣ್ಯಗಳಿಗೂ ಖೋಟಾ ಇವೆ. ನಾಣ್ಯ ಪರೀಕ್ಷಿಸುವ ಸಂಸ್ಥೆಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿ ನೋಡಿ ಡಬ್ಬಿಯಲ್ಲಿ ಮುಚ್ಚಿದ್ದನ್ನಷ್ಟೇ ನಾನು ಕೊಳ್ಳುವುದು. ಡಬ್ಬಿಯ ಸಂಖ್ಯೆಯನ್ನು ಅವರ ತಾಣದಲ್ಲಿ ಹಾಕಿ ನೋಡುತ್ತೇನೆ, ಡಬ್ಬಿಗೂ ಖೋಟಾ ಇದೆಯಲ್ಲ.