ಸಾಕಿದ ಬೆಕ್ಕು ಕಚ್ಚಿದಾಗ



ರಾಗಿ ಮೂಟೆ ಇರುವ ಮನೆಯಲ್ಲಿ ಇಲಿ ಇರುತ್ತದೆ. ಇಲಿ ಇರುವ ಮನೆಗೆ ಬೆಕ್ಕು ಬೇಕು. ನಮ್ಮ ಊರುಗಳಲ್ಲಿ ಬೆಕ್ಕನ್ನು ಯಾರೂ ದುಡ್ಡು ಕೊಟ್ಟು ತರುವುದಿಲ್ಲ. ಪಕ್ಕದ ಮನೆಯಲ್ಲಿ ಮರಿ ಹಾಕಿದರೆ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬರುತ್ತೇವೆ. ಒಂದು ತುತ್ತು ಹಾಲನ್ನ ಹಾಕುತ್ತೇವೆ. ಅದು ಒಲೆಯ ಪಕ್ಕ ಮಲಗುತ್ತದೆ. ಮಕ್ಕಳ ಜೊತೆ ಆಡುತ್ತದೆ. ಅದಕ್ಕೂ ಕಾಯಿಲೆ ಬರುತ್ತದೆ ಎಂಬ ಯೋಚನೆ ನಮಗೆ ಬರುವುದೇ ಇಲ್ಲ. ಹಸು ಮೇವು ಬಿಟ್ಟರೆ ಮನೆಯೆಲ್ಲ ಗಾಬರಿ. ಬೆಕ್ಕು ಎರಡು ದಿನ ಅನ್ನ ಮುಟ್ಟದಿದ್ದರೆ "ಎಲ್ಲೋ ಇಲಿ ತಿಂದಿರಬೇಕು ಬಿಡು" ಅಂತ ಸುಮ್ಮನಾಗುತ್ತೇವೆ.

ಇಂಥ ಬೆಕ್ಕು ಒಂದು ದಿನ ಇದ್ದಕ್ಕಿದ್ದ ಹಾಗೆ ತಿರುಗಿ ಬೀಳುತ್ತದೆ. ಎತ್ತಿಕೊಳ್ಳಲು ಹೋದರೆ ಗುರ್ ಅನ್ನುತ್ತದೆ. ಪರಚುತ್ತದೆ. ಕಚ್ಚುತ್ತದೆ. ಆಗ ಮನೆಯವರೂ ನೆರೆಯವರೂ ಏನೇನು ಹೇಳುತ್ತಾರೆ ನಿಮಗೆ ಗೊತ್ತು. "ಅದಕ್ಕೆ ಹುಚ್ಚು ಹಿಡಿದಿದೆ." "ಹೊಡೆದು ಓಡಿಸಿ." "ಚೀಲಕ್ಕೆ ಹಾಕಿ ಹಳ್ಳದ ಆಚೆ ಬಿಟ್ಟು ಬನ್ನಿ." ಕಚ್ಚಿದ ಕೈಗೆ ಸುಣ್ಣ ಹಚ್ಚಿ ಅಂತ ಇನ್ನೊಬ್ಬರು.

ಇವುಗಳಲ್ಲಿ ಯಾವುದೂ ಸರಿಯಲ್ಲ. ಯಾಕೆ ಅಂತ ಈ ಪಾಠದಲ್ಲಿ ನೋಡೋಣ.

ಮೊದಲು ನಿಮ್ಮ ಕೈ

ಬೆಕ್ಕಿನ ಹಲ್ಲು ಸೂಜಿಯ ಹಾಗೆ ಚೂಪು. ಗಾಯ ಮೇಲೆ ಚುಕ್ಕಿಯಷ್ಟೇ ಕಾಣುತ್ತದೆ. ಆದರೆ ಒಳಗೆ ಆಳವಾಗಿ ಇಳಿದಿರುತ್ತದೆ. ಬೆಕ್ಕಿನ ಬಾಯಲ್ಲಿರುವ ರೋಗದ ಕಣಗಳು ಒಳಗೆ ಉಳಿಯುತ್ತವೆ. ಒಂದೇ ದಿನದಲ್ಲಿ ಕೈ ಊದಿಕೊಂಡು ಕೀವು ಆಗಬಹುದು. ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಅದು ರೇಬೀಸ್. ನಾವು ಹುಚ್ಚುನಾಯಿ ರೋಗ ಅನ್ನುತ್ತೇವೆ. ಹೆಸರು ನಾಯಿಯದು. ಆದರೆ ಬೆಕ್ಕಿಗೂ ಬರುತ್ತದೆ. ರೋಗ ಇರುವ ನಾಯಿ ಬೆಕ್ಕನ್ನು ಕಚ್ಚಿದರೆ ಬೆಕ್ಕಿಗೆ. ಆ ಬೆಕ್ಕು ನಮ್ಮನ್ನು ಕಚ್ಚಿದರೆ ನಮಗೆ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆಂದೇ ಹೇಳಬೇಕು. ಆದರೆ ಕಚ್ಚಿದ ಕೂಡಲೇ ಮದ್ದು ಮಾಡಿದರೆ ರೋಗ ಬರುವುದನ್ನೇ ತಡೆಯಬಹುದು.

ಹಾಗಾಗಿ ಕಚ್ಚಿದ ಕೂಡಲೇ ಬೆಕ್ಕಿನ ಹಿಂದೆ ಓಡಬೇಡಿ. ನಲ್ಲಿಯ ಹತ್ತಿರ ಓಡಿ. ನಲ್ಲಿ ಇಲ್ಲದಿದ್ದರೆ ಒಬ್ಬರು ಚೊಂಬಿನಲ್ಲಿ ನೀರು ಸುರಿಯಲಿ. ಬಟ್ಟೆ ಸೋಪಾದರೂ ಸರಿ, ಮೈ ಸೋಪಾದರೂ ಸರಿ. ನೊರೆ ಮಾಡಿ ಗಾಯ ತೊಳೆಯಿರಿ. 15 ನಿಮಿಷ ತೊಳೆಯಬೇಕು. ಗಡಿಯಾರ ಇಲ್ಲವೇ? ಒಲೆಯ ಮೇಲೆ ಅನ್ನ ಬೇಯುವಷ್ಟು ಹೊತ್ತು ಅಂದುಕೊಳ್ಳಿ. ಇದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ರೋಗದ ಕಣಗಳಲ್ಲಿ ಬಹಳಷ್ಟು ಈ ನೀರಿನಲ್ಲೇ ಹೊರಟುಹೋಗುತ್ತವೆ. ಸುಣ್ಣ, ಅರಿಶಿನ, ಖಾರದಪುಡಿ, ಕಾಫಿಪುಡಿ ಏನೂ ಹಚ್ಚಬೇಡಿ. ಗಾಯವನ್ನು ಬಿಗಿಯಾಗಿ ಕಟ್ಟಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಉಗುರಿನಿಂದ ಪರಚಿ ರಕ್ತ ಬಂದಿದ್ದರೂ ಹೋಗಬೇಕು. ಬೆಕ್ಕು ತನ್ನ ಪಂಜವನ್ನು ನೆಕ್ಕುತ್ತಲೇ ಇರುತ್ತದೆ ಅಲ್ಲವೇ?

ಸೂಜಿ ಅಂದರೆ ನಮ್ಮ ಹೆಂಗಸರಿಗೆ ಭಯ. "ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಾರಂತೆ" ಎಂಬ ಮಾತು ಇವತ್ತಿಗೂ ಕೇಳುತ್ತೇವೆ. ಅದು ಹಳೆಯ ಕಾಲದ ಮದ್ದು. ಕುರಿಯ ಮಿದುಳಿನಿಂದ ಮಾಡುತ್ತಿದ್ದರು. ನೋವು ಬಹಳ. 2005ರಿಂದ ಅದು ನಮ್ಮ ದೇಶದಲ್ಲಿ ಇಲ್ಲ. ಈಗ ಸೂಜಿ ಹಾಕುವುದು ತೋಳಿಗೆ. 0, 3, 7 ಮತ್ತು 28ನೇ ದಿನ ಹೋಗಬೇಕು. ಕೆಲವು ಕಡೆ ಕೊಡುವ ವಿಧಾನ ಬೇರೆ. ಅಲ್ಲಿ 14ನೇ ದಿನವೂ ಒಂದು ಇರುತ್ತದೆ. ಗಾಯದಿಂದ ರಕ್ತ ಬಂದಿದ್ದರೆ ಗಾಯದ ಸುತ್ತಲೇ ಹಾಕುವ ಇನ್ನೊಂದು ಮದ್ದೂ ಬೇಕಾಗುತ್ತದೆ. "ಡಾಕ್ಟ್ರೇ, ಅದು ನನಗೆ ಬೇಕೇ?" ಎಂದು ನೀವೇ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಈ ಮದ್ದು ಹುಟ್ಟಿದ್ದರ ಹಿಂದೆ ಒಬ್ಬ ತಾಯಿ ಇದ್ದಾಳೆ. 1885ರ ಜುಲೈ ತಿಂಗಳು. ದೂರದ ಫ್ರಾನ್ಸ್ ದೇಶದ ಕಡೆಯ ಮಾತು. 9 ವರ್ಷದ ಹುಡುಗನನ್ನು ಹುಚ್ಚುನಾಯಿ ಕಚ್ಚಿ ಹರಿದಿತ್ತು. ತಾಯಿ ಅವನನ್ನು ಪ್ಯಾರಿಸ್ ಪಟ್ಟಣಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಲೂಯಿ ಪಾಶ್ಚರ್ ಎಂಬ ವಿಜ್ಞಾನಿ ಇದ್ದ. ಅವನು ಪ್ರಾಣಿಗಳ ಮೇಲೆ ಈ ಮದ್ದನ್ನು ಪರೀಕ್ಷೆ ಮಾಡಿದ್ದ. ಹುಡುಗನಿಗೆ ಕೊಡಿಸಿದ. ಹುಡುಗ ಬದುಕಿದ. ಆ ತಾಯಿ ಮನೆಯಲ್ಲೇ ಸುಣ್ಣ ಹಚ್ಚಿ ಕೂತಿದ್ದರೆ?

ಒಂದು ಮನೆಯಲ್ಲಿ ನಡೆದದ್ದು

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ತಂಗಿಯ ಮನೆಯಲ್ಲಿ ಬೂದು ಬಣ್ಣದ ಗಂಡು ಬೆಕ್ಕು ಇತ್ತು. ಬಹಳ ಸಾಧು. ಒಂದು ಬೆಳಿಗ್ಗೆ ಎತ್ತಿಕೊಳ್ಳಲು ಹೋದಾಗ ಅವಳ ಮಣಿಕಟ್ಟಿಗೆ ಬಾಯಿ ಹಾಕಿತು. ಅವಳು ಆಗ ಐದು ತಿಂಗಳ ಬಸುರಿ.

ಗಂಡ ಗೋಣಿಚೀಲ ತಂದರು. ಅತ್ತೆ ಬೇರೆ ಮಾತು ಹೇಳಿದರು. "ಬಸುರಿ ಹೆಂಗಸಿಗೆ ಆ ಸೂಜಿ ಬ್ಯಾಡ. ಕೂಸಿಗೆ ತೊಂದ್ರೆ ಆಯ್ತದೆ." ಅತ್ತೆ ಕೆಟ್ಟವರಲ್ಲ. ಮೊಮ್ಮಗುವಿನ ಮೇಲಿನ ಆಸೆಯಿಂದಲೇ ಹೇಳಿದರು. ಆ ತಂಗಿ ಅಳುತ್ತಾ ನಮ್ಮ ಹತ್ತಿರ ಬಂದಳು. ನಾವು ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಅವರ ಮನೆಗೆ ಹೋದೆವು.

ಆಶಾ ಅಕ್ಕ ಅತ್ತೆಯ ಪಕ್ಕದಲ್ಲೇ ಕೂತು ಹೇಳಿದರು. "ಅಮ್ಮಾ, ಬಸುರಿಗೂ ಈ ಸೂಜಿ ಕೊಡಬಹುದು. ಬಾಣಂತಿಗೂ ಕೊಡಬಹುದು. ಹಾಲು ಕುಡಿಯೋ ಕೂಸಿಗೆ ಏನೂ ಆಗಲ್ಲ. ಸೂಜಿ ಹಾಕಿಸದೆ ಇದ್ರೆ ತಾಯಿನೂ ಇಲ್ಲ, ಕೂಸೂ ಇಲ್ಲ. ಯಾವುದು ಮೇಲು ನೀವೇ ಹೇಳಿ."

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಸೊಸೆಗೆ ಚಪ್ಪಲಿ ತಂದುಕೊಟ್ಟರು.

ಇನ್ನು ಗೋಣಿಚೀಲದ ವಿಷಯ. ಬೆಕ್ಕನ್ನು ಕೊಲ್ಲಬೇಡಿ, ದೂರ ಬಿಡಬೇಡಿ ಎಂದು ನಾವು ಹೇಳಿದೆವು. ಅದು ಬರೀ ದಯೆಯ ಮಾತಲ್ಲ. ಬೆಕ್ಕಿಗೆ ರೇಬೀಸ್ ಇದ್ದು ಅದರ ಜೊಲ್ಲಿನಲ್ಲಿ ರೋಗ ಬಂದಿದ್ದರೆ, ಅದು ಸಾಮಾನ್ಯವಾಗಿ 10 ದಿನದೊಳಗೆ ಸಾಯುತ್ತದೆ. 10 ದಿನ ಕಳೆದೂ ಬೆಕ್ಕು ಗಟ್ಟಿಮುಟ್ಟಾಗಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಎಂದು ಅರ್ಥ. ಓಡಿಸಿಬಿಟ್ಟರೆ ಇದು ಗೊತ್ತಾಗುವ ದಾರಿಯೇ ಮುಚ್ಚಿಹೋಗುತ್ತದೆ. ಹಾಗಂತ 10 ದಿನ ಕಾದು ನೋಡಿ ಆಮೇಲೆ ಆಸ್ಪತ್ರೆಗೆ ಹೋಗೋಣ ಅನ್ನಬೇಡಿ. ಸೂಜಿ ಇವತ್ತೇ ಶುರುವಾಗಬೇಕು. ಬೆಕ್ಕಿನ ಸುದ್ದಿಯನ್ನು ಡಾಕ್ಟರಿಗೆ ಹೇಳುತ್ತಾ ಹೋಗಿ. ಮುಂದಿನದನ್ನು ಅವರು ಹೇಳುತ್ತಾರೆ. ಸಾಕಿದ ಪ್ರಾಣಿಯನ್ನು ಸುಮ್ಮಸುಮ್ಮನೆ ಹೊರಗೆ ಬಿಟ್ಟುಬರುವುದು 1960ರ ಕಾಯಿದೆಯ ಪ್ರಕಾರ ತಪ್ಪು ಕೂಡ.

ಆ ಬೆಕ್ಕಿಗೆ ಆಗಿದ್ದು ರೇಬೀಸ್ ಅಲ್ಲ. ಅತ್ತೆಯೇ ಒಂದು ಮಾತು ಹೇಳಿದರು. "ನಿನ್ನೆಯಿಂದ ಬೂದಿ ಗುಡ್ಡೆ ಮೇಲೆ ಕೂತು ಕೂತು ಏಳ್ತಿತ್ತು. ಕೂಗ್ತಿತ್ತು. ಒಂದು ಹನಿ ಉಚ್ಚೆ ಹೊಯ್ದಿಲ್ಲ." ಮಲ ಕಟ್ಟಿದೆ ಅಂತ ಅವರು ಅಂದುಕೊಂಡಿದ್ದರು. ಪಶು ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು. ಉಚ್ಚೆಯ ಚೀಲ ನಿಂಬೆಹಣ್ಣಿನ ಹಾಗೆ ಬಿಗಿದುಕೊಂಡಿತ್ತು. ಗಂಡು ಬೆಕ್ಕಿನ ಉಚ್ಚೆಯ ದಾರಿ ಬಹಳ ಸಣ್ಣದು. ಮರಳಿನಂಥ ಹರಳು ಸೇರಿ ಕಟ್ಟಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಎರಡು ಮೂರು ದಿನದಲ್ಲಿ ಬೆಕ್ಕು ಸಾಯುತ್ತದೆ. ಡಾಕ್ಟರು ಮತ್ತು ಕೊಟ್ಟು, ಸಣ್ಣ ನಳಿಕೆ ಹಾಕಿ ಉಚ್ಚೆ ತೆಗೆದರು. ಅಷ್ಟು ನೋವಿರುವ ಹೊಟ್ಟೆಗೆ ಕೈ ಹಾಕಿ ಎತ್ತಿದರೆ ಯಾವ ಪ್ರಾಣಿ ತಾನೇ ಸುಮ್ಮನಿರುತ್ತದೆ?

ಈಗ ಆ ಬೆಕ್ಕಿನ ಅನ್ನಕ್ಕೆ ನೀರು ಜಾಸ್ತಿ ಹಾಕಿ ತೆಳ್ಳಗೆ ಕಲಸುತ್ತಾರೆ. ಕುಡಿಯುವ ನೀರಿಗೆ ಎರಡು ಬಟ್ಟಲು ಇಟ್ಟಿದ್ದಾರೆ. ತಂಗಿ ನಾಲ್ಕೂ ಸೂಜಿ ಹಾಕಿಸಿಕೊಂಡಳು. ಹೆಣ್ಣು ಮಗು ಆಯಿತು.

ಬೆಕ್ಕಿನ ಸಿಟ್ಟಿಗೆ ಕಾರಣ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನೀವು ಕೇಳಿದ್ದೀರಿ. ಹಾಲು ಕಂಡರೆ ಆ ಬೆಕ್ಕು ಓಡುತ್ತಿತ್ತು. ಬೇರೆ ಯಾವ ಬೆಕ್ಕೂ ಹಾಗೆ ಮಾಡುವುದಿಲ್ಲ. ಕಾರಣ ಏನು? ಮೊದಲ ದಿನ ಕುದಿಯುವ ಹಾಲು ಇಟ್ಟು ಅದರ ಬಾಯಿ ಸುಟ್ಟಿದ್ದರು. ಕಥೆ ನಗುವುದಕ್ಕೆ. ಆದರೆ ಅದರಲ್ಲಿ ಒಂದು ನಿಜ ಇದೆ. ಬೆಕ್ಕಿನ ನಡತೆ ಬದಲಾದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ. ಬಾಯಿ ಬಿಟ್ಟು ಹೇಳಲು ಬಾರದ್ದನ್ನು ಅದು ಹಲ್ಲಿನಿಂದ ಹೇಳುತ್ತದೆ.

ಬಟ್ಟಲ ಹತ್ತಿರ ಬಂದು, ಮೂಸಿ, ಗುರ್ ಅಂದು ಹಿಂದೆ ಸರಿಯುತ್ತದೆಯೇ? ಬಾಯಿಂದ ಕೆಟ್ಟ ವಾಸನೆ ಇದೆಯೇ? ಹಲ್ಲು ಅಥವಾ ಒಸಡು ನೋಯುತ್ತಿರಬಹುದು. ಒಂದು ಕಡೆ ಮುಟ್ಟಿದರೆ ಮಾತ್ರ ತಿರುಗಿ ಬೀಳುತ್ತದೆಯೇ? ಬೇರೆ ಬೆಕ್ಕಿನ ಜೊತೆ ಜಗಳವಾಡಿ ಬಂದ ಗಾಯ ಮೇಲೆ ಒಣಗಿ, ಒಳಗೆ ಕೀವು ತುಂಬಿರಬಹುದು. ಕೂದಲಿನ ಅಡಿಯಲ್ಲಿ ಅದು ಕಾಣುವುದಿಲ್ಲ. ವಯಸ್ಸಾದ ಬೆಕ್ಕಿಗೆ ಕೀಲು ನೋವು ಬರುತ್ತದೆ, ಥೇಟ್ ನಮ್ಮ ಮಂಡಿನೋವಿನ ಹಾಗೆ. ಕೆಲವು ಮುದಿ ಬೆಕ್ಕುಗಳು ಎಷ್ಟು ತಿಂದರೂ ಬಡಕಲಾಗುತ್ತವೆ, ಸದಾ ಸಿಡಿಮಿಡಿ ಅನ್ನುತ್ತವೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಹೆಚ್ಚು ಕೆಲಸ ಮಾಡಿದರೂ ಹೀಗಾಗುತ್ತದೆ. ಮರಿ ಹಾಕಿದ ತಾಯಿ ಬೆಕ್ಕಿನ ಸಿಟ್ಟು ಮಾತ್ರ ಕಾಯಿಲೆ ಅಲ್ಲ. ಅದರ ಬಾಣಂತನಕ್ಕೆ ಅಡ್ಡಿ ಮಾಡಬೇಡಿ, ಅಷ್ಟೇ.

ರೇಬೀಸ್ ಇದ್ದರೆ ಬೇರೆ ಗುರುತುಗಳೂ ಇರುತ್ತವೆ. ದನಿ ಒಡೆಯುತ್ತದೆ. ಜೊಲ್ಲು ಸುರಿಯುತ್ತದೆ. ಹಿಂಗಾಲು ಎಳೆಯುತ್ತದೆ. ಮೂಲೆ ಸೇರಿ ಅಡಗುತ್ತದೆ. ಯಾರೂ ಕೆಣಕದಿದ್ದರೂ ಮೇಲೆ ಎರಗುತ್ತದೆ. ಇಂಥ ಬೆಕ್ಕನ್ನು ಮುಟ್ಟಲೇಬೇಡಿ. ಬಾಗಿಲು ಹಾಕಿ, ಮಕ್ಕಳನ್ನು ದೂರ ಇಟ್ಟು, ಪಶು ಆಸ್ಪತ್ರೆಗೆ ತಿಳಿಸಿ.

ಬೇರೆ ಕಾಯಿಲೆ ಎಂದು ಕಂಡರೆ ಬೆಕ್ಕನ್ನು ಮೊದಲು ಒಂಟಿಯಾಗಿ ಬಿಡಿ. ಗದರಬೇಡಿ. ಹೊಡೆದರೆ ನೋವಿನ ಜೊತೆ ಭಯ ಸೇರಿ ಇನ್ನೂ ಕಚ್ಚುತ್ತದೆ. ಕತ್ತಲೆ ಕೋಣೆಯಲ್ಲಿ ನೀರು ಇಟ್ಟು ಬಾಗಿಲು ಮುಂದೆ ಮಾಡಿ. ಅದು ತಣ್ಣಗಾದ ಮೇಲೆ ದಪ್ಪ ದುಪ್ಪಟಿಯನ್ನು ಮೇಲಿನಿಂದ ಹಾಕಿ, ಸುತ್ತಿ ಎತ್ತಿ, ಮುಚ್ಚಳದ ಬುಟ್ಟಿಗೆ ಇಳಿಸಿ. ತೂತು ಮಾಡಿದ ರಟ್ಟಿನ ಡಬ್ಬವೂ ಆಗುತ್ತದೆ. ಈ ಕೆಲಸವನ್ನು ದೊಡ್ಡವರೇ ಮಾಡಬೇಕು. ನಾವು ದನದ ಆಸ್ಪತ್ರೆ ಅನ್ನುತ್ತೇವಲ್ಲ, ಅಲ್ಲಿ ಬೆಕ್ಕನ್ನೂ ನೋಡುತ್ತಾರೆ. "ಬೆಕ್ಕಿಗೂ ಡಾಕ್ಟ್ರಾ?" ಅಂತ ನಗುವವರು ನಗಲಿ.

ಒಂದು ಮುಖ್ಯ ಮಾತು. ನಮಗೆ ಜ್ವರ ಬಂದಾಗ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದೂ ಕೊಡಬೇಡಿ. ಅರ್ಧ ಮಾತ್ರೆಯೂ ಬೇಡ. ಡೋಲೋ, ಕ್ರೋಸಿನ್ ಎಂದು ಹೆಸರು ಬೇರೆ ಇರಬಹುದು, ಒಳಗಿರುವುದು ಅದೇ. ಬೆಕ್ಕಿನ ಮೈಗೆ ಅದನ್ನು ಅರಗಿಸುವ ಶಕ್ತಿ ಇಲ್ಲ. ಒಂದೇ ಮಾತ್ರೆಗೆ ಸತ್ತುಹೋಗಬಹುದು. ಈಗ ನಿಮಗೆ ಓದಲು ಬರುತ್ತದೆ. ಮಾತ್ರೆಯ ಪಟ್ಟಿಯ ಮೇಲೆ ಕನ್ನಡ ಇಲ್ಲದಿದ್ದರೆ ಮಕ್ಕಳ ಕೈಲಿ ಓದಿಸಿ.

ಬೆಕ್ಕಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ ಹಾಕಿಸಿ. ಆಮೇಲೆ ಯಾವಾಗ ಹಾಕಿಸಬೇಕು ಎಂದು ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಪ್ರತಿ ವರ್ಷ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದು ಪಾಶ್ಚರ್ ತೀರಿಕೊಂಡ ದಿನ. ಆಗ ಹಲವು ಕಡೆ ಲಸಿಕೆ ಶಿಬಿರ ನಡೆಯುತ್ತದೆ.

ಲೆಕ್ಕ ಮಾಡಿ, ಬರೆಯಿರಿ

ಆಸ್ಪತ್ರೆಯ ಚೀಟಿಯಲ್ಲಿ 0, 3, 7, 28 ಎಂದು ಇರುತ್ತದೆ. 0 ಅಂದರೆ ಮೊದಲ ಸೂಜಿ ಹಾಕಿಸಿಕೊಂಡ ದಿನ. ಮೊದಲ ಸೂಜಿ ಜೂನ್ 1ಕ್ಕೆ ಆದರೆ ಮುಂದಿನವು ಜೂನ್ 4, ಜೂನ್ 8, ಜೂನ್ 29.

ಮೊದಲ ಸೂಜಿ ಆಗಸ್ಟ್ 2ಕ್ಕೆ ಆದರೆ ಉಳಿದ ಮೂರು ಯಾವ ಯಾವ ತಾರೀಖಿಗೆ? ಕ್ಯಾಲೆಂಡರ್ ನೋಡಿ ಬರೆಯಿರಿ.

ನಿಮ್ಮ ಊರಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆ ಎಲ್ಲಿದೆ? ಪಶು ಆಸ್ಪತ್ರೆ ಎಲ್ಲಿದೆ? ಎರಡರ ಹೆಸರನ್ನೂ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ.